ಔರಾದ್‌ಗೆ ಮೊದಲು ತಲುಪಬೇಕಾದ ಮಾತ್ರೆ ಯಾವುದು?

ಗೌಟ್ ಎಂಬ ಕೀಲುಬೇನೆಗೆ ಬಹುಕಾಲದಿಂದ ಬಳಕೆಯಲ್ಲಿರುವ ಕಾಲ್ಚಿಸಿನ್ ಎಂಬ ಹಳೆಯ ಔಷಧ ಈಗ ಹೃದ್ರೋಗ ತಜ್ಞರ ಚರ್ಚೆಯ ಕೇಂದ್ರಕ್ಕೆ ಬಂದಿದೆ. ದಿನಕ್ಕೆ ಅರ್ಧ ಮಿಲಿಗ್ರಾಂನ ಒಂದು ಮಾತ್ರೆ ಮತ್ತೊಂದು ಹೃದಯಾಘಾತವನ್ನು ತಡೆಯಬಲ್ಲದೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಕೆನಡಾ, ಆಸ್ಟ್ರೇಲಿಯಾ, ನೆದರ್ಲೆಂಡ್ಸ್ ಮೊದಲಾದ ದೇಶಗಳಲ್ಲಿ ಸಾವಿರಾರು ರೋಗಿಗಳ ಮೇಲೆ ಪರೀಕ್ಷೆಗಳು ನಡೆದಿವೆ. ಬಂದ ಉತ್ತರಗಳು ಒಂದಕ್ಕೊಂದು ಹೊಂದುತ್ತಿಲ್ಲ. ಅಮೆರಿಕದ ನಿಯಂತ್ರಣ ಸಂಸ್ಥೆ ಈ ಔಷಧಕ್ಕೆ ಹೃದಯದ ಹೆಸರಿನಲ್ಲಿ ಅನುಮತಿ ನೀಡಿದ ಮರುವರ್ಷವೇ ಎಲ್ಲಕ್ಕಿಂತ ದೊಡ್ಡ ಪರೀಕ್ಷೆಯು ಅದರಿಂದ ಪ್ರಯೋಜನ ಕಾಣಲಿಲ್ಲ ಎಂದು ವರದಿ ಮಾಡಿತು.

ರಾಜ್ಯದ ಮುಕುಟದಂತಿರುವ ಬೀದರ್ ಜಿಲ್ಲೆಗೂ ಈ ದೂರದೇಶದ ಚರ್ಚೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಎರಡು ಬಗೆಯದು. ಮೊದಲನೆಯದಾಗಿ, ಅಲ್ಲಿ ಸಿದ್ಧವಾದ ಉತ್ತರವನ್ನೇ ಇಲ್ಲಿನ ವೈದ್ಯರು ಓದಿ, ಇಲ್ಲಿನ ರೋಗಿಗೆ ಚೀಟಿ ಬರೆಯುತ್ತಾರೆ. ಎರಡನೆಯದಾಗಿ, ಇಂದಲ್ಲ ನಾಳೆ ಇಂತಹ ಪರೀಕ್ಷೆಗಳು ಕಲ್ಯಾಣ ಕರ್ನಾಟಕದ ಬಾಗಿಲನ್ನೂ ತಟ್ಟುತ್ತವೆ. ತಟ್ಟಬೇಕಾದ ಅಗತ್ಯವೂ ಇದೆ. ಆದರೆ ಯಾವ ಷರತ್ತಿನ ಮೇಲೆ ಬಾಗಿಲು ತೆರೆಯಬೇಕು ಎಂಬುದನ್ನು ಈಗಲೇ ಯೋಚಿಸದಿದ್ದರೆ ಬೀದರ್, ಭಾಲ್ಕಿ, ಔರಾದ್‌ನಂತಹ ಊರುಗಳು ಒಂದೋ ಪ್ರಯೋಗಪಶುಗಳಾಗುತ್ತವೆ, ಇಲ್ಲವೇ ವಿಜ್ಞಾನದ ಲೆಕ್ಕದಿಂದಲೇ ಹೊರಗುಳಿಯುತ್ತವೆ. ಎರಡೂ ಅನ್ಯಾಯವೇ.

ಮೊದಲು ವಿಜ್ಞಾನದ ಮಾತು. ರಕ್ತನಾಳದ ಒಳಗೆ ಕೊಬ್ಬು ಕಟ್ಟಿಕೊಂಡು ದಾರಿ ಮುಚ್ಚುವುದೇ ಹೃದಯಾಘಾತ ಎಂಬುದು ಬಹುಕಾಲ ಪ್ರಚಲಿತವಿದ್ದ ಸರಳ ವಿವರಣೆ. ಆದರೆ ರಕ್ತನಾಳವು ಜಡವಾದ ಕೊಳವೆಯಲ್ಲ. ಅದರ ಗೋಡೆಯಲ್ಲಿ ಸೇರಿಕೊಂಡ ಕೊಬ್ಬನ್ನು ದೇಹದ ರಕ್ಷಣಾ ವ್ಯವಸ್ಥೆ ಪರಕೀಯ ವಸ್ತುವೆಂದು ಬಗೆದು ಬಿಳಿರಕ್ತಕಣಗಳನ್ನು ಕಳುಹಿಸುತ್ತದೆ. ಗಾಯವಾದಾಗ ಚರ್ಮ ಕೆಂಪಾಗಿ ಊದುವಂತಹ ಪ್ರಕ್ರಿಯೆಯೇ ನಾಳದ ಗೋಡೆಯೊಳಗೆ ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ. ಇದೇ ಉರಿಯೂತ. ಉರಿಯೂತದಿಂದ ದುರ್ಬಲವಾದ ಕೊಬ್ಬಿನ ಗಂಟು ಒಂದು ದಿನ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ ಹೃದಯದ ಸ್ನಾಯುವಿಗೆ ರಕ್ತ ನಿಲ್ಲುತ್ತದೆ. ಹಾಗಾದರೆ ಕೊಲೆಸ್ಟ್ರಾಲ್ ಇಳಿಸುವುದರ ಜೊತೆಗೆ ಉರಿಯೂತವನ್ನೂ ತಗ್ಗಿಸಿದರೆ ಆಘಾತ ತಪ್ಪೀತೇ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು.

ಈ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ದೊರೆತದ್ದು 2017ರಲ್ಲಿ. ಅಮೆರಿಕದ ಪಾಲ್ ರಿಡ್ಕರ್ ನೇತೃತ್ವದಲ್ಲಿ, ಹಿಂದೆ ಹೃದಯಾಘಾತವಾಗಿದ್ದ 10,061 ರೋಗಿಗಳ ಮೇಲೆ ಕೆನಾಕಿನುಮ್ಯಾಬ್ ಎಂಬ ಚುಚ್ಚುಮದ್ದನ್ನು ಪರೀಕ್ಷಿಸಲಾಯಿತು. ಕೊಲೆಸ್ಟ್ರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸಿದರೂ ಹೃದಯಾಘಾತ ಮತ್ತು ಪಾರ್ಶ್ವವಾಯು ಸುಮಾರು ಶೇ 15ರಷ್ಟು ಕಡಿಮೆಯಾದವು. ಸಿದ್ಧಾಂತ ಗೆದ್ದಿತು, ಔಷಧ ಗೆಲ್ಲಲಿಲ್ಲ. ಅದರ ಬೆಲೆ ಸಾಮಾನ್ಯರ ಊಹೆಗೂ ನಿಲುಕದ್ದು. ಅದಕ್ಕಿಂತ ಮುಖ್ಯವಾಗಿ, ಔಷಧ ಪಡೆದವರಲ್ಲಿ ಮಾರಕ ಸೋಂಕುಗಳು ಹೆಚ್ಚಾದವು. ಉರಿಯೂತ ದೇಹದ ಶತ್ರುವಷ್ಟೇ ಅಲ್ಲ, ಕಾವಲುಗಾರನೂ ಹೌದು ಎಂಬ ಹಳೆಯ ಸತ್ಯ ಮತ್ತೆ ನೆನಪಾಯಿತು.

ಅಗ್ಗದ ಮಾತ್ರೆಯ ಹುಡುಕಾಟ ಹೀಗೆ ಮೊದಲಾಯಿತು. ರಿಡ್ಕರ್ ತಂಡವೇ ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು 4,786 ರೋಗಿಗಳಲ್ಲಿ ಪರೀಕ್ಷಿಸಿ, 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಯಾವ ಪ್ರಯೋಜನವೂ ಕಾಣಲಿಲ್ಲ. ಉರಿಯೂತದ ದಾರಿಗಳು ಹಲವು, ಎಲ್ಲ ಉರಿಯೂತನಿವಾರಕಗಳೂ ಹೃದಯದ ದಾರಿಯನ್ನು ಕಾಯುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ಆ ಬಳಿಕ ಎಲ್ಲರ ಕಣ್ಣು ಕಾಲ್ಚಿಸಿನ್ ಮೇಲೆ ಬಿದ್ದಿತು.

ಕಾಲ್ಚಿಸಿನ್ ನಮಗೆ ತೀರ ಅಪರಿಚಿತವಲ್ಲ. ಯುರೋಪಿನ ಒಂದು ಕಾಡುಗಡ್ಡೆಯಿಂದ ಅದನ್ನು ಮೊದಲು ಬೇರ್ಪಡಿಸಿದರೂ, ನಮ್ಮ ಬೇಲಿಗಳಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆ ಅಥವಾ ಗೌರಿಹೂವಿನ ಬಳ್ಳಿಯಲ್ಲೂ ಅದೇ ಅಂಶವಿದೆ. ಆ ಗಡ್ಡೆ ವಿಷವೆಂಬುದನ್ನು ಹಳ್ಳಿಗರು ಬಲ್ಲರು. ಪ್ರಮಾಣ ಸ್ವಲ್ಪ ಮೀರಿದರೂ ಪ್ರಾಣಕ್ಕೆ ಎರವಾಗುವ ಈ ವಸ್ತು ಅತ್ಯಲ್ಪ ಪ್ರಮಾಣದಲ್ಲಿ ಬಿಳಿರಕ್ತಕಣಗಳ ಚಲನೆಯನ್ನು ನಿಧಾನಗೊಳಿಸಿ ಉರಿಯೂತವನ್ನು ತಗ್ಗಿಸುತ್ತದೆ. ಮದ್ದಿಗೂ ವಿಷಕ್ಕೂ ನಡುವಣ ಅಂತರ ಕಿರಿದಾಗಿರುವುದೇ ಈ ಔಷಧದ ಮೂಲ ಸಮಸ್ಯೆ.

ಕೆನಡಾದ ಮಾಂಟ್ರಿಯಲ್‌ನಿಂದ ಜೀನ್-ಕ್ಲಾಡ್ ಟಾರ್ಡಿಫ್ ನೇತೃತ್ವದಲ್ಲಿ ನಡೆದ ಕೋಲ್ಕಾಟ್ ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂದಿತು. ಹೃದಯಾಘಾತವಾಗಿ ಮೂವತ್ತು ದಿನ ಮೀರದ 4,745 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಕಾಲ್ಚಿಸಿನ್, ಉಳಿದವರಿಗೆ ಔಷಧಾಂಶವಿಲ್ಲದ ಹುಸಿಮಾತ್ರೆ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಹುಸಿಮಾತ್ರೆ ಪಡೆದವರಲ್ಲಿ ಶೇ 7.1 ಮಂದಿಗೆ ಹೃದಯ ಅಥವಾ ರಕ್ತನಾಳದ ತೊಂದರೆ ಮರುಕಳಿಸಿದರೆ, ಔಷಧ ಪಡೆದವರಲ್ಲಿ ಅದು ಶೇ 5.5. ಮರುವರ್ಷ ಆಸ್ಟ್ರೇಲಿಯಾ ಮತ್ತು ನೆದರ್ಲೆಂಡ್ಸ್‌ಗಳಲ್ಲಿ, ಕಾಯಿಲೆ ಸ್ಥಿರವಾಗಿದ್ದ 5,522 ರೋಗಿಗಳಲ್ಲಿ ನಡೆದ ಲೋಡೋಕೋ-2 ಪರೀಕ್ಷೆಯಲ್ಲಿ ಈ ಅಂಕಿಗಳು ಕ್ರಮವಾಗಿ ಶೇ 9.6 ಮತ್ತು ಶೇ 6.8. ಎಂದರೆ ನೂರು ಜನ ಎರಡೂವರೆ ವರ್ಷ ತಪ್ಪದೆ ಮಾತ್ರೆ ನುಂಗಿದರೆ ಹೆಚ್ಚುಕಡಿಮೆ ಮೂವರು ಆಪತ್ತಿನಿಂದ ಪಾರಾಗುತ್ತಾರೆ. ಇದು ಚಿಕ್ಕ ಲಾಭವಲ್ಲ, ಪವಾಡವೂ ಅಲ್ಲ.

ಈ ಆಧಾರದ ಮೇಲೆ 2023ರ ಜೂನ್‌ನಲ್ಲಿ ಅಮೆರಿಕ ಅನುಮತಿ ನೀಡಿತು. 2024ರಲ್ಲಿ ಯುರೋಪಿನ ಹೃದ್ರೋಗ ತಜ್ಞರ ಸಂಘ ತನ್ನ ಮಾರ್ಗಸೂಚಿಯಲ್ಲಿ ಸ್ಥಿರ ಹೃದ್ರೋಗಿಗಳಿಗೆ ಇದನ್ನು ಪರಿಗಣಿಸಬೇಕೆಂದಿತು. ಅದೇ ವರ್ಷದ ನವೆಂಬರಿನಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ 14 ದೇಶಗಳ 7,062 ರೋಗಿಗಳಲ್ಲಿ ನಡೆಸಿದ ಕ್ಲಿಯರ್ ಸಿನರ್ಜಿ ಪರೀಕ್ಷೆಯ ಫಲಿತಾಂಶ ಹೊರಬಿದ್ದಿತು. ಹೃದಯಾಘಾತದ ಬೆನ್ನಲ್ಲೇ ಕಾಲ್ಚಿಸಿನ್ ಆರಂಭಿಸಿದವರಲ್ಲಿ ಶೇ 9.1, ಹುಸಿಮಾತ್ರೆಯವರಲ್ಲಿ ಶೇ 9.3. ಮೂರು ವರ್ಷಗಳ ಬಳಿಕವೂ ವ್ಯತ್ಯಾಸವಿಲ್ಲವೆಂದೇ ಹೇಳಬೇಕು. ವ್ಯತ್ಯಾಸ ಕಂಡದ್ದು ಅತಿಸಾರದಲ್ಲಿ: ಔಷಧ ಪಡೆದವರಲ್ಲಿ ಶೇ 10.2, ಉಳಿದವರಲ್ಲಿ ಶೇ 6.6. ಕೋವಿಡ್ ಕಾಲದ ಅಡಚಣೆ, ರೋಗಿಗಳ ಆಯ್ಕೆ, ಔಷಧ ಆರಂಭಿಸಿದ ಸಮಯ ಎಂದು ತಜ್ಞರು ಕಾರಣಗಳನ್ನು ಚರ್ಚಿಸುತ್ತಲೇ ಇದ್ದಾರೆ. ಪ್ರಶ್ನೆ ಇನ್ನೂ ತೆರೆದೇ ಇದೆ ಎಂಬುದಷ್ಟೇ ಪ್ರಾಮಾಣಿಕ ಉತ್ತರ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಉರಿಯೂತ ತಗ್ಗಿದರೆ ಹೃದಯಕ್ಕೆ ಒಳ್ಳೆಯದು ಎಂಬ ಸುದ್ದಿ ಓದಿದವರು, ಮಂಡಿನೋವಿಗೆ ನುಂಗುವ ಮಾತ್ರೆಯೂ ಉರಿಯೂತನಿವಾರಕವೇ ತಾನೆ ಎಂದು ಭಾವಿಸುವ ಅಪಾಯವಿದೆ. ಸತ್ಯ ಇದಕ್ಕೆ ತದ್ವಿರುದ್ಧ. ರೋಫೆಕಾಕ್ಸಿಬ್ ಎಂಬ ನೋವುನಿವಾರಕ ಮಾತ್ರೆಯನ್ನು ಅದರ ತಯಾರಕರೇ 2004ರ ಸೆಪ್ಟೆಂಬರಿನಲ್ಲಿ ಜಗತ್ತಿನ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು, ಕಾರಣ ಅದು ಹೃದಯಾಘಾತವನ್ನು ಹೆಚ್ಚಿಸುತ್ತಿತ್ತು. ನಮ್ಮಲ್ಲಿ ಎಲ್ಲೆಡೆ ದೊರೆಯುವ ಡೈಕ್ಲೋಫೆನಾಕನ್ನು ಹೃದ್ರೋಗಿಗಳಿಗೆ ಕೊಡಬಾರದೆಂದು ಯುರೋಪಿನ ಔಷಧ ಸಂಸ್ಥೆ 2013ರಲ್ಲೇ ಸೂಚಿಸಿತು. ಭಾಲ್ಕಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ, ದಿನವಿಡೀ ದುಡಿದು ಬೆನ್ನು ಹಿಡಿದವರು ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಅಂಗಡಿಯಿಂದ ಕೊಳ್ಳುವುದು ಇಂಥವೇ ಮಾತ್ರೆಗಳನ್ನು. ಹೊಸ ಉರಿಯೂತನಿವಾರಕವನ್ನು ಪರೀಕ್ಷಿಸುವ ಮೊದಲು, ಹೃದ್ರೋಗಿಯ ಜೇಬಿನಲ್ಲಿ ಈಗಾಗಲೇ ಇರುವ ಹಳೆಯ ಉರಿಯೂತನಿವಾರಕ ಯಾವುದೆಂದು ಕೇಳುವ ವ್ಯವಸ್ಥೆಯಾದರೂ ನಮ್ಮಲ್ಲಿರಬೇಕಲ್ಲವೇ?

ಇನ್ನು ಈ ಪರೀಕ್ಷೆಗಳಲ್ಲಿ ಎಣಿಕೆಗೆ ಸಿಕ್ಕವರು ಯಾರೆಂದು ನೋಡೋಣ. ಲೋಡೋಕೋ-2ರಲ್ಲಿ ಭಾಗವಹಿಸಿದವರ ಸರಾಸರಿ ವಯಸ್ಸು 66ರ ಆಸುಪಾಸು, ಮಹಿಳೆಯರು ನೂರಕ್ಕೆ ಹದಿನೈದು ಮಾತ್ರ. ಮೂತ್ರಪಿಂಡ ಗಣನೀಯವಾಗಿ ಹದಗೆಟ್ಟವರನ್ನು ಸೇರಿಸಿಕೊಳ್ಳಲಿಲ್ಲ. ಅಷ್ಟೇ ಅಲ್ಲ, ಮೊದಲು 6,528 ಮಂದಿಗೆ ಒಂದು ತಿಂಗಳು ಔಷಧ ಕೊಟ್ಟು ನೋಡಿ, ಹೊಟ್ಟೆಗೆ ಒಗ್ಗದವರು ಮೊದಲಾಗಿ ಸುಮಾರು ಒಂದು ಸಾವಿರ ಮಂದಿಯನ್ನು ಬಿಟ್ಟು ಉಳಿದವರಲ್ಲಿ ಮಾತ್ರ ಪರೀಕ್ಷೆ ಆರಂಭವಾಯಿತು. ವಿಜ್ಞಾನದ ದೃಷ್ಟಿಯಿಂದ ಇದು ತಪ್ಪಲ್ಲ. ಆದರೆ ಔಷಧ ಎಲ್ಲರಿಗೂ ಸಲೀಸಾಗಿ ಒಗ್ಗುತ್ತದೆ ಎಂದು ಆ ಅಂಕಿಗಳನ್ನು ಓದಿಕೊಂಡರೆ ತಪ್ಪಾಗುತ್ತದೆ.

ನಮ್ಮ ರೋಗಿಯ ಚಿತ್ರವೇ ಬೇರೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಸಂಗ್ರಹಿಸಿ 2008ರಲ್ಲಿ ಪ್ರಕಟಿಸಿದ ಕ್ರಿಯೇಟ್ ಅಧ್ಯಯನದಲ್ಲಿ ರೋಗಿಗಳ ಸರಾಸರಿ ವಯಸ್ಸು 57.5 ವರ್ಷ. ಎದೆನೋವು ಕಾಣಿಸಿಕೊಂಡು ಆಸ್ಪತ್ರೆ ತಲುಪುವ ವೇಳೆಗೆ ಕಳೆದ ಅವಧಿಯ ಮಧ್ಯಾಂಕ 360 ನಿಮಿಷ, ಎಂದರೆ ಆರು ಗಂಟೆ. ಕೊಲೆಸ್ಟ್ರಾಲ್ ಇಳಿಸುವ ಔಷಧ ಸಿರಿವಂತರಲ್ಲಿ ಶೇ 61 ಮಂದಿಗೆ ದೊರೆತರೆ ಬಡವರಲ್ಲಿ ಶೇ 36 ಮಂದಿಗೆ ಮಾತ್ರ. ಮೂವತ್ತು ದಿನಗಳೊಳಗಿನ ಸಾವು ಸಿರಿವಂತರಲ್ಲಿ ಶೇ 5.5, ಬಡವರಲ್ಲಿ ಶೇ 8.2. ದೊರೆತ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಸಾವಿನ ಈ ಅಂತರವೇ ಮಾಯವಾಯಿತು. ಬಡವನ ಹೃದಯ ಹುಟ್ಟಿನಿಂದ ದುರ್ಬಲವಲ್ಲ, ಅವನಿಗೆ ಸಿಕ್ಕ ಚಿಕಿತ್ಸೆ ದುರ್ಬಲ ಎಂಬುದೇ ಇದರ ಅರ್ಥ.

ಸೇಂಟ್ ಜಾನ್ಸ್‌ನಲ್ಲೇ ಓದಿ ಕೆನಡಾದ ಮೆಕ್‌ಮಾಸ್ಟರ್ ಸೇರಿದ ಸಲೀಂ ಯೂಸುಫ್ ನೇತೃತ್ವದ ಪ್ಯೂರ್ ಅಧ್ಯಯನ 2011ರಲ್ಲಿ ಇದೇ ಮಾತನ್ನು ಇನ್ನಷ್ಟು ಕಟುವಾಗಿ ಹೇಳಿತು. ಹದಿನೇಳು ದೇಶಗಳ ಒಂದೂವರೆ ಲಕ್ಷ ಜನರನ್ನು ಊರೂರಿಗೆ ಹೋಗಿ ಮಾತನಾಡಿಸಿದ ಅಧ್ಯಯನ ಅದು. ಭಾರತವೂ ಸೇರಿದ್ದ ಕಡಿಮೆ ಆದಾಯದ ದೇಶಗಳ ಗುಂಪಿನಲ್ಲಿ, ಈಗಾಗಲೇ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿಹೋಗಿದ್ದವರಲ್ಲಿ ಶೇ 80 ಮಂದಿ ಸಾಬೀತಾದ ಔಷಧಗಳಲ್ಲಿ ಒಂದನ್ನೂ ಸೇವಿಸುತ್ತಿರಲಿಲ್ಲ. ಸ್ಟ್ಯಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆ ಸೇವಿಸುತ್ತಿದ್ದವರು ಶೇ 3.3 ಮಾತ್ರ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಪರಿಸ್ಥಿತಿ ಇನ್ನೂ ಕೆಳಗಿತ್ತು. ಅಂದಿನಿಂದ ಸುಧಾರಣೆಯೇ ಆಗಿಲ್ಲವೆಂದು ಹೇಳಲಾಗದು. ಆದರೆ ಆರಂಭದ ಸ್ಥಿತಿ ಎಷ್ಟು ಕೆಳಗಿತ್ತು ಎಂಬುದನ್ನು ಮರೆಯಲಾಗದು.

ಈಗ ಈ ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡಬೇಕು. ಕಾಲ್ಚಿಸಿನ್ ಪರೀಕ್ಷೆಗಳಲ್ಲಿ ಎರಡೂ ಗುಂಪಿನ ರೋಗಿಗಳಲ್ಲಿ ಬಹುತೇಕ ಎಲ್ಲರೂ ರಕ್ತ ತೆಳುಗೊಳಿಸುವ ಔಷಧ ಮತ್ತು ಸ್ಟ್ಯಾಟಿನ್ ಸೇವಿಸುತ್ತಿದ್ದರು. ಆ ಭದ್ರ ಅಡಿಪಾಯದ ಮೇಲೆ ಇನ್ನೊಂದು ಇಟ್ಟಿಗೆ ಇಟ್ಟರೆ ಲಾಭವಿದೆಯೇ ಎಂಬುದು ಅಲ್ಲಿ ಕೇಳಿದ ಪ್ರಶ್ನೆ. ಔರಾದ್ ತಾಲ್ಲೂಕಿನ ರೋಗಿಗೆ ಈ ಪ್ರಶ್ನೆ ಅನ್ವಯವಾಗಬೇಕಾದರೆ ಮೊದಲು ಅಡಿಪಾಯ ಇರಬೇಕು. ಆಸ್ಪಿರಿನ್, ಸ್ಟ್ಯಾಟಿನ್, ರಕ್ತದೊತ್ತಡದ ಮಾತ್ರೆ, ತಂಬಾಕು ಬಿಡಿಸುವ ಸಲಹೆ ಇವೇ ಅಡಿಪಾಯ. ಇವುಗಳ ಪರೀಕ್ಷೆ ದಶಕಗಳ ಹಿಂದೆಯೇ ಮುಗಿದಿದೆ. ಉಳಿದಿರುವುದು ತಲುಪಿಸುವ ಕೆಲಸ.

ತಲುಪಿಸುವ ಕೆಲಸ ಸುಲಭವಲ್ಲ ಎಂಬುದನ್ನು ನಕ್ಷೆಯೇ ಹೇಳುತ್ತದೆ. ಔರಾದ್ ರಾಜ್ಯದ ಉತ್ತರದ ತುದಿಯ ತಾಲ್ಲೂಕು. ಭಾಲ್ಕಿಗೆ ರೈಲು ಇದೆ, ಔರಾದ್ ಪಟ್ಟಣಕ್ಕೆ ಅದೂ ಇಲ್ಲ. ಬೀದರ್‌ನಲ್ಲಿ 2007ರಿಂದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಬ್ರಿಮ್ಸ್, ಇದೆಯಾದರೂ ಹೆಚ್ಚಿನ ಚಿಕಿತ್ಸೆ ಬೇಕೆಂದಾಗ ಜನ ಹೈದರಾಬಾದ್, ಕಲಬುರಗಿ, ಸೋಲಾಪುರಗಳತ್ತ ಮುಖ ಮಾಡುತ್ತಾರೆ. ಜಿಲ್ಲಾ ಕೇಂದ್ರದಿಂದ ಇವೆಲ್ಲ ನೂರು ಕಿ.ಮೀ.ಗೂ ಆಚೆಗಿವೆ. ಕಲಬುರಗಿಗೆ ನೇರ ರೈಲು ಮಾರ್ಗ ಉದ್ಘಾಟನೆಯಾದದ್ದೇ 2017ರಲ್ಲಿ. ಗಡಿಯ ಹಳ್ಳಿಗಳವರಿಗೆ ಮಹಾರಾಷ್ಟ್ರದ ಉದಗೀರ, ದೇಗಲೂರುಗಳೇ ಹತ್ತಿರ. ಒಬ್ಬನೇ ರೋಗಿಯ ಕಾಗದಪತ್ರಗಳು ಮೂರು ರಾಜ್ಯಗಳ ಆಸ್ಪತ್ರೆಗಳಲ್ಲಿ ಹಂಚಿಹೋಗುವ ಪ್ರದೇಶ ಇದು. ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧ ಕಾರ್ಖಾನೆಗಳಿವೆ. ಔಷಧ ತಯಾರಾಗುವ ನೆಲದಲ್ಲೇ ಅದರ ನಿರಂತರ ಪೂರೈಕೆ ಪ್ರಶ್ನೆಯಾಗಿರುವುದು ನಮ್ಮ ಅಭಿವೃದ್ಧಿಯ ವಿಪರ್ಯಾಸ.

ಹಾಗಾದರೆ ಬಡತನ ತೀರುವವರೆಗೂ ಇಲ್ಲಿ ಸಂಶೋಧನೆಯೇ ಬೇಡವೇ? ಹಾಗೆನ್ನುವುದು ಇನ್ನೊಂದು ಬಗೆಯ ತಾತ್ಸಾರ. ಕಾಲ್ಚಿಸಿನ್‌ನ ವಿಷಯದಲ್ಲೇ ಸ್ಥಳೀಯ ಪರೀಕ್ಷೆ ಏಕೆ ಬೇಕೆಂಬುದಕ್ಕೆ ಬಲವಾದ ಕಾರಣಗಳಿವೆ. ಈ ಔಷಧದ ಮುಖ್ಯ ಉಪದ್ರವ ಅತಿಸಾರ. ಬೇಸಿಗೆಯ ಬಿಸಿಲಿನಲ್ಲಿ ಹೊಲದಲ್ಲಿ ದುಡಿಯುವವನಿಗೆ ಅತಿಸಾರವಾದರೆ ದೇಹದ ನೀರು ಬತ್ತುತ್ತದೆ, ಮೂತ್ರಪಿಂಡ ಸೋಲುತ್ತದೆ. ಮೂತ್ರಪಿಂಡ ಸೋತರೆ ಕಾಲ್ಚಿಸಿನ್ ದೇಹದಲ್ಲೇ ಉಳಿದು ವಿಷವಾಗುತ್ತದೆ. ಕ್ಲಾರಿಥ್ರೊಮೈಸಿನ್ ಎಂಬ ಪ್ರತಿಜೀವಕದೊಂದಿಗೆ ಬೆರೆತರೆ ಅಪಾಯ ಇಮ್ಮಡಿಸುತ್ತದೆ. ನಮ್ಮಲ್ಲಿ ಪ್ರತಿಜೀವಕಗಳು ಚೀಟಿಯಿಲ್ಲದೆ ಮಾರಾಟವಾಗುವುದು ಗುಟ್ಟಿನ ಮಾತಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿದ್ದಾರೆ. ಉರಿಯೂತವನ್ನು ತಗ್ಗಿಸುವ ಯಾವ ಔಷಧಕ್ಕಾದರೂ ಇದು ಗಂಭೀರ ಪ್ರಶ್ನೆ. ನೆದರ್ಲೆಂಡ್ಸ್‌ನ ಪರೀಕ್ಷೆ ಈ ಪ್ರಶ್ನೆಗಳಿಗೆ ಉತ್ತರಿಸಲಾರದು, ಏಕೆಂದರೆ ಅಲ್ಲಿ ಇವು ದೊಡ್ಡ ಪ್ರಶ್ನೆಗಳೇ ಅಲ್ಲ.

ಮಾನವರ ಮೇಲಿನ ವೈದ್ಯಕೀಯ ಸಂಶೋಧನೆಗೆ ಜಗತ್ತು ಒಪ್ಪಿಕೊಂಡಿರುವ ನೀತಿಸಂಹಿತೆ ಹೆಲ್ಸಿಂಕಿ ಘೋಷಣೆ. 1964ರ ಈ ಘೋಷಣೆಯನ್ನು 2024ರಲ್ಲಿ ಪರಿಷ್ಕರಿಸಿದಾಗ ಎರಡೂ ಕಡೆಯ ಮಾತನ್ನು ಸೇರಿಸಲಾಯಿತು. ದುರ್ಬಲ ಸಮುದಾಯಗಳ ಮೇಲೆ ನಡೆಸುವ ಸಂಶೋಧನೆ ಅವರದೇ ಆರೋಗ್ಯದ ಅಗತ್ಯಕ್ಕೆ ಸ್ಪಂದಿಸಬೇಕು, ಅದರ ಲಾಭ ಅವರಿಗೆ ತಲುಪಬೇಕು. ಅದೇ ವೇಳೆ, ಅವರನ್ನು ಸಂಶೋಧನೆಯಿಂದ ಹೊರಗಿಡುವುದರಿಂದ ಆಗುವ ಹಾನಿಯನ್ನೂ ತೂಗಿ ನೋಡಬೇಕು. ಬೀದರ್ ಜಿಲ್ಲೆಯ ಮಟ್ಟಿಗೆ ಇದಕ್ಕಿಂತ ಸೂಕ್ತವಾದ ಸೂತ್ರ ಬೇರೆ ಇಲ್ಲ.

ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನೆರೆರಾಜ್ಯದ ಉದಾಹರಣೆಯೇ ಇದೆ. ಈಗ ತೆಲಂಗಾಣಕ್ಕೆ ಸೇರಿರುವ ಖಮ್ಮಂ ಜಿಲ್ಲೆ ಮತ್ತು ಗುಜರಾತಿನ ವಡೋದರಾದಲ್ಲಿ ಬಾಲಕಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ನೀಡುವ ಅಧ್ಯಯನವನ್ನು 2010ರ ಏಪ್ರಿಲ್‌ನಲ್ಲಿ ನಿಲ್ಲಿಸಬೇಕಾಯಿತು. ಲಸಿಕೆಯೇ ಸಾವಿಗೆ ಕಾರಣವೆಂದು ತನಿಖೆಯಲ್ಲಿ ಸಾಬೀತಾಗಲಿಲ್ಲ, ಆ ಲಸಿಕೆಯ ಉಪಯುಕ್ತತೆ ಈಗ ಜಗತ್ತಿಗೆ ತಿಳಿದಿದೆ. ದೋಷವಿದ್ದುದು ಸಮ್ಮತಿಯಲ್ಲಿ. ತಂದೆತಾಯಿಗಳ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದನ್ನು ಸಂಸದೀಯ ಸ್ಥಾಯಿ ಸಮಿತಿ 2013ರಲ್ಲಿ ಕಟುವಾಗಿ ಟೀಕಿಸಿತು. ಅದೇ ವರ್ಷ ಸುಪ್ರೀಂ ಕೋರ್ಟ್, ಸ್ವಾಸ್ಥ್ಯ ಅಧಿಕಾರ ಮಂಚ್ ಸಲ್ಲಿಸಿದ್ದ ಅರ್ಜಿಯ ವಿಚಾರಣೆಯಲ್ಲಿ, ಸಮ್ಮತಿ ಪಡೆಯುವುದನ್ನು ಧ್ವನಿ ಮತ್ತು ದೃಶ್ಯಗಳಲ್ಲಿ ದಾಖಲಿಸಬೇಕೆಂದಿತು. ಒಳ್ಳೆಯ ಔಷಧವನ್ನೂ ಕೆಟ್ಟ ಪರೀಕ್ಷೆ ಅಪಖ್ಯಾತಿಗೆ ಈಡುಮಾಡಬಲ್ಲದು ಎಂಬ ಪಾಠ ಇಲ್ಲಿದೆ.

ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪರೀಕ್ಷೆಗಳ ನಿಯಮಗಳು 2019ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಬಳಿಕ ಪರಿಹಾರ, ನೈತಿಕ ಸಮಿತಿ, ನೋಂದಣಿ ಎಲ್ಲಕ್ಕೂ ಸ್ಪಷ್ಟ ಕಟ್ಟಳೆಗಳಿವೆ. ಆದರೆ ಕಾಲ್ಚಿಸಿನ್‌ನಂತಹ ಹಳೆಯ ಔಷಧದ ವಿಷಯದಲ್ಲಿ ಎರಡು ಸಂದುಗಳು ಉಳಿಯುತ್ತವೆ. ದುರ್ಬಲ ವರ್ಗದವರ ಸಮ್ಮತಿಯ ದೃಶ್ಯ ದಾಖಲೆ ಕಡ್ಡಾಯವಾಗಿರುವುದು ಹೊಸ ಅಣುವಿನ ಔಷಧಗಳಿಗೆ. ಎರಡನೆಯದು, ಈಗಾಗಲೇ ಮಾರಾಟದಲ್ಲಿರುವ ಔಷಧವನ್ನು ಬೇರೆ ಕಾಯಿಲೆಗೆ ಶೈಕ್ಷಣಿಕ ಉದ್ದೇಶದಿಂದ ಪರೀಕ್ಷಿಸುವಾಗ ನೈತಿಕ ಸಮಿತಿ ಒಪ್ಪಿದರೆ ಕೇಂದ್ರದ ಪರವಾನಗಿ ಬೇಕಿಲ್ಲ. ಸಂಶೋಧನೆಗೆ ಅನುಕೂಲವಾದ ಈ ಸಡಿಲಿಕೆ, ಹೊಣೆಯನ್ನೆಲ್ಲ ಸಂಸ್ಥೆಯೊಂದರ ನೈತಿಕ ಸಮಿತಿಯ ಹೆಗಲಿಗೇರಿಸುತ್ತದೆ.

ಆದ್ದರಿಂದ ಇಂತಹ ಪರೀಕ್ಷೆ ಬೀದರ್‌ಗೆ ಬರುವುದಾದರೆ ಕೆಲವು ಷರತ್ತುಗಳನ್ನು ಸಮಾಜ ಮುಂದಿಡಬೇಕು. ಮೊದಲನೆಯದು, ಆಸ್ಪಿರಿನ್, ಸ್ಟ್ಯಾಟಿನ್ ಮುಂತಾದ ಮೂಲ ಚಿಕಿತ್ಸೆ ಪರೀಕ್ಷೆಗೆ ಸೇರಿದವರಿಗಷ್ಟೇ ಅಲ್ಲ, ಆ ತಾಲ್ಲೂಕಿನ ಎಲ್ಲ ಹೃದ್ರೋಗಿಗಳಿಗೂ ದೊರೆಯುತ್ತಿರಬೇಕು. ಪರೀಕ್ಷೆಗೆ ಸೇರಿದರೆ ಮಾತ್ರ ಮಾತ್ರೆ ಎಂದಾದರೆ ಅದು ಸಮ್ಮತಿಯಲ್ಲ, ನಿರ್ವಾಹವಿಲ್ಲದೆ ಹಾಕಿದ ಹೆಬ್ಬೆಟ್ಟು. ಎರಡನೆಯದು ಭಾಷೆ. ಈ ಜಿಲ್ಲೆಯಲ್ಲಿ ಕನ್ನಡದೊಡನೆ ಮರಾಠಿ, ಉರ್ದು, ತೆಲುಗು, ಲಂಬಾಣಿ ಮಾತುಗಳು ಬೆರೆತಿವೆ. ಹುಸಿಮಾತ್ರೆ ಎಂದರೇನು, ಚೀಟಿ ಎತ್ತುವುದೇಕೆ, ಬೇಡವೆಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂಬ ಮೂರು ಮಾತು ರೋಗಿಯ ಮನೆಮಾತಿನಲ್ಲಿ, ಚಿಕಿತ್ಸೆ ನೀಡುವ ವೈದ್ಯರಲ್ಲದ ಬೇರೊಬ್ಬರ ಬಾಯಿಂದ ಬರಬೇಕು. ಕಾನೂನು ಕೇಳದಿದ್ದರೂ ಅದರ ದೃಶ್ಯ ದಾಖಲೆ ಇರಬೇಕು.

ಮೂರನೆಯದು, ಮೂತ್ರಪಿಂಡದ ರಕ್ತಪರೀಕ್ಷೆ ತಾಲ್ಲೂಕು ಮಟ್ಟದಲ್ಲೇ ನಿಯಮಿತವಾಗಿ ಆಗಬೇಕು. ಅತಿಸಾರ ಕಂಡ ದಿನವೇ ಮಾತ್ರೆ ನಿಲ್ಲಿಸಿ ಯಾರಿಗೆ ಕರೆ ಮಾಡಬೇಕೆಂಬುದು ರೋಗಿಯ ಮನೆಯವರಿಗೆ ಗೊತ್ತಿರಬೇಕು. ನಾಲ್ಕನೆಯದು ವಲಸೆ. ಸುಗ್ಗಿ ಮುಗಿದ ಮೇಲೆ ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗುವವರನ್ನು ಸಂಪರ್ಕಕ್ಕೆ ಸಿಗಲಿಲ್ಲ ಎಂದು ಪಟ್ಟಿಯಿಂದ ಹೊಡೆದುಹಾಕಿದರೆ ಅತ್ಯಂತ ಬಡವರೇ ಲೆಕ್ಕದಿಂದ ತಪ್ಪಿಹೋಗುತ್ತಾರೆ. ಐದನೆಯದು, ಫಲಿತಾಂಶ ವಿದೇಶಿ ನಿಯತಕಾಲಿಕದಲ್ಲಿ ಅಚ್ಚಾದರೆ ಸಾಲದು. ದೇಹವನ್ನು ಒಡ್ಡಿದವರಿಗೆ ಅದು ಅವರ ಭಾಷೆಯಲ್ಲಿ ತಿಳಿಯಬೇಕು. ಔಷಧ ಗೆದ್ದರೆ ಅದು ಅವರಿಗೆ ಮುಂದುವರಿಯಬೇಕು.

ಇದೆಲ್ಲ ಆದರ್ಶದ ಮಾತು, ಹಳ್ಳಿಗಾಡಿನಲ್ಲಿ ನಡೆಯದು ಎನ್ನುವವರಿಗೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಹಲವು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿದ ಪಾಲಿಕ್ಯಾಪ್‌ನ ಪರೀಕ್ಷೆಯನ್ನು ಸೇಂಟ್ ಜಾನ್ಸ್ ಸಂಸ್ಥೆ ದೇಶದ 50 ಕೇಂದ್ರಗಳಲ್ಲಿ ಎರಡು ಸಾವಿರ ಜನರ ಮೇಲೆ ಸಂಯೋಜಿಸಿ 2009ರಲ್ಲಿ ಫಲಿತಾಂಶ ನೀಡಿತು. ಇನ್ನೂ ಮುಖ್ಯವಾದುದು ಅದೇ ಸಂಸ್ಥೆಯ ತಂಡ 2016ರಲ್ಲಿ ಪ್ರಕಟಿಸಿದ ಸ್ಪ್ರೆಡ್ ಎಂಬ ಅಧ್ಯಯನ. ಅಲ್ಲಿ ಪರೀಕ್ಷೆಗೆ ಒಳಗಾದದ್ದು ಔಷಧವಲ್ಲ, ಔಷಧವನ್ನು ಬಿಡದಂತೆ ನೋಡಿಕೊಳ್ಳುವ ಮನುಷ್ಯರು. ದೇಶದ 14 ಆಸ್ಪತ್ರೆಗಳ 806 ಹೃದ್ರೋಗಿಗಳಲ್ಲಿ ಅರ್ಧದಷ್ಟು ಮಂದಿಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಭೇಟಿಯಾಗುತ್ತಿದ್ದರು. ಒಂದು ವರ್ಷದ ಬಳಿಕ ಅವರಲ್ಲಿ ಶೇ 97 ಮಂದಿ ಔಷಧ ಮುಂದುವರಿಸಿದ್ದರೆ, ಉಳಿದವರಲ್ಲಿ ಅದು ಶೇ 92. ಒಂದು ಹೊಸ ಅಣುವನ್ನೂ ಕಂಡುಹಿಡಿಯದೆ, ಮಾತು ಮತ್ತು ಕಾಳಜಿಯಿಂದ ದೊರೆತ ಲಾಭ ಇದು. ಇಂತಹ ಸಂಶೋಧನೆಗೆ ಭಾಲ್ಕಿ, ಔರಾದ್‌ಗಳಿಗಿಂತ ಯೋಗ್ಯ ಜಾಗ ಯಾವುದಿದೆ?

ಸರ್ಕಾರದ ಕಡೆಯಿಂದಲೂ ಕೆಲವು ಸಾಧನಗಳು ಸಿದ್ಧವಾಗಿವೆ. 2021ರಲ್ಲಿ 46ರ ಹರೆಯದಲ್ಲೇ ಅಗಲಿದ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ, ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ಉದ್ದೇಶದ್ದು. ಮನೆಬಾಗಿಲಿಗೆ ತೆರಳಿ ರಕ್ತದೊತ್ತಡ, ಮಧುಮೇಹ ಪತ್ತೆಹಚ್ಚುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲಾಯಿತು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. 371(ಜೆ) ವಿಧಿಯ ನೆನಪಿಗೆ 371 ಹಾಸಿಗೆಗಳ ಆಸ್ಪತ್ರೆ ಅದು. 2025ರಲ್ಲಿ ಹಾಸನದ ಸಾವುಗಳು ಸುದ್ದಿಯಾದಾಗ ರಾಜ್ಯವಿಡೀ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿತು. ಆ ಭೀತಿ ಕೆಲವೇ ವಾರಗಳಲ್ಲಿ ತಣ್ಣಗಾಯಿತು. ಹೃದ್ರೋಗ ತಡೆಯುವ ಕೆಲಸ ಭೀತಿಯಿಂದ ಆಗುವುದಿಲ್ಲ, ವರ್ಷಗಟ್ಟಲೆ ತಪ್ಪದೆ ಮುಂದುವರಿಯುವ ಚಿಕಿತ್ಸೆಯಿಂದ ಆಗುತ್ತದೆ.

ಈ ಯೋಜನೆಗಳಲ್ಲಿ ಎದ್ದು ಕಾಣುವ ಕೊರತೆ ಎಂದರೆ ಆಘಾತದ ದಿನಕ್ಕೆ ಸಿಗುವ ಗಮನ ಆಮೇಲಿನ ವರ್ಷಗಳಿಗೆ ಸಿಗದಿರುವುದು. ಚುಚ್ಚುಮದ್ದಿನಿಂದ ಬದುಕುಳಿದ ರೋಗಿ ಮರಳಿ ಹಳ್ಳಿಗೆ ಬಂದಾಗ ಆರು ತಿಂಗಳ ಬಳಿಕವೂ ಮಾತ್ರೆ ಸೇವಿಸುತ್ತಿದ್ದಾನೆಯೇ ಎಂದು ಕೇಳುವವರಿರಬೇಕು. ಬ್ರಿಮ್ಸ್ ಮತ್ತು ಕಲಬುರಗಿಯ ಜಯದೇವ ಸಂಸ್ಥೆ ಸೇರಿ ಬೀದರ್, ಭಾಲ್ಕಿ, ಔರಾದ್‌ಗಳ ಹೃದ್ರೋಗಿಗಳ ಒಂದು ದಾಖಲೆ ಪುಸ್ತಕ ಆರಂಭಿಸಲಿ. ಯಾರಿಗೆ ಆಘಾತವಾಯಿತು, ಎಷ್ಟು ಹೊತ್ತಿಗೆ ಆಸ್ಪತ್ರೆ ತಲುಪಿದರು, ಯಾವ ಮಾತ್ರೆ ಬರೆದುಕೊಟ್ಟರು, ವರ್ಷದ ಬಳಿಕ ಯಾವುದು ಉಳಿದಿದೆ ಎಂಬ ನಾಲ್ಕು ಪ್ರಶ್ನೆಗಳ ಸರಳ ದಾಖಲೆ ಅದು. ಕಾಲ್ಚಿಸಿನ್ ಆಗಲಿ, ಮುಂದೆ ಬರುವ ಇನ್ನಾವುದೇ ಉರಿಯೂತನಿವಾರಕವಾಗಲಿ, ಇಲ್ಲಿ ನ್ಯಾಯಯುತವಾಗಿ ಪರೀಕ್ಷೆಯಾಗಬೇಕಾದರೆ ಮೊದಲು ಬೇಕಾದುದು ಅದೇ ದಾಖಲೆ.

ಅಲ್ಲಿಯವರೆಗೆ ಓದುಗರು ನೆನಪಿಡಬೇಕಾದ ಮಾತು ಚಿಕ್ಕದು. ಪತ್ರಿಕೆಯಲ್ಲಿ ಓದಿದ ಹೆಸರನ್ನು ಔಷಧ ಅಂಗಡಿಯಲ್ಲಿ ಕೇಳಿ ಕಾಲ್ಚಿಸಿನ್ ನುಂಗುವುದು ಅಪಾಯಕರ, ಅದನ್ನು ಬಲ್ಲ ವೈದ್ಯರಷ್ಟೇ ರೋಗಿಯ ಮೂತ್ರಪಿಂಡ, ಯಕೃತ್ತುಗಳ ಸ್ಥಿತಿ ನೋಡಿ ನಿರ್ಧರಿಸಬೇಕು. ಈಗಾಗಲೇ ಬರೆದುಕೊಟ್ಟಿರುವ ಮಾತ್ರೆಯನ್ನು ಗುಣವಾಯಿತೆಂದು ನಿಲ್ಲಿಸುವುದು ಅದಕ್ಕಿಂತಲೂ ಅಪಾಯಕರ. ನೂರರಲ್ಲಿ ಮೂವರನ್ನು ಕಾಪಾಡಬಹುದಾದ ಹೊಸ ಮಾತ್ರೆಗಾಗಿ ಜಗತ್ತು ಹುಡುಕಾಟ ನಡೆಸಲಿ, ಅದರಲ್ಲಿ ನಮ್ಮ ಜನರೂ ಗೌರವದಿಂದ ಪಾಲ್ಗೊಳ್ಳಲಿ. ಸಾಬೀತಾಗಿರುವ ಹಳೆಯ ಮಾತ್ರೆಯನ್ನು ಔರಾದ್‌ನ ಕೊನೆಯ ಹಳ್ಳಿಗೆ ಮುಟ್ಟಿಸಲು ಮಾತ್ರ ಯಾವ ಪರೀಕ್ಷೆಯ ಫಲಿತಾಂಶಕ್ಕೂ ಕಾಯಬೇಕಿಲ್ಲ.